ಹಳೆಯ ಡೀಸೆಲ್ ಮೋಟಾರ್‌ಹೋಮ್ ಏರಿನಲ್ಲಿ ಬಿಸಿಯಾದರೆ ಎಲ್ಲಿಂದ ಹುಡುಕಬೇಕು

ಮೋಟಾರ್‌ಹೋಮ್ ಅಂದ್ರೆ ಒಳಗೇ ಮಲಗಲು, ಅಡುಗೆ ಮಾಡಲು ಜಾಗ ಇರುವ ಮನೆಯಂಥ ಗಾಡಿ. ಅದು ಹೀಟ್ ಆಗುತ್ತಿದೆ ಅಂದ ತಕ್ಷಣ ಹೆಚ್ಚಿನವರು ಮೊದಲು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ರೇಡಿಯೇಟರಿಗೆ ದಾರಿ ತೆರೆಯುವ ವಾಲ್ವ್) ಬದಲಿಸುತ್ತಾರೆ. ಅದು ಆಗಲಿಲ್ಲ ಅಂದ್ರೆ ವಾಟರ್ ಪಂಪ್. ನಾನೂ ಅದನ್ನೇ ಮಾಡಿದೆ. ಎರಡು ಥರ್ಮೋಸ್ಟಾಟ್, ಒಂದು ಪಂಪ್, ಒಂದು ಹೊಸ ಕ್ಯಾಪ್ ಎಲ್ಲ ಹಾಕಿದ ಮೇಲೂ ಅದೇ ಏರಿನಲ್ಲಿ, ಅದೇ ತಿರುವಿನ ಹತ್ತಿರ ಮೀಟರಿನ ಮುಳ್ಳು ಮತ್ತೆ ಮೇಲೆ ಹೋಯಿತು. ಕೊನೆಗೆ ಸಿಕ್ಕ ಕಾರಣ ಏನು ಗೊತ್ತಾ? ರೇಡಿಯೇಟರ್‌ಗೂ ಇಂಟರ್‌ಕೂಲರ್‌ಗೂ (ಟರ್ಬೋದಿಂದ ಎಂಜಿನ್ನಿಗೆ ಹೋಗುವ ಗಾಳಿಯನ್ನು ತಣ್ಣಗೆ ಮಾಡುವ ಜಾಲರಿ) ನಡುವಿನ ಸಂದಿಯಲ್ಲಿ ಕಂಬಳಿ ಹೊದಿಸಿದ ಹಾಗೆ ಕೂತಿದ್ದ ಎಣ್ಣೆ ಜಿಡ್ಡು ಮತ್ತು ಧೂಳು. ಅದನ್ನು ತೊಳೆಯಲು ಒಂದು ಮಧ್ಯಾಹ್ನ ಸಾಕಾಯಿತು.

ಅದಕ್ಕೇ ಹೇಳುತ್ತಿದ್ದೇನೆ, ಪಾರ್ಟ್ ಕೊಳ್ಳಲು ಹೋಗುವ ಮೊದಲು ಗಾಡಿ ಯಾವಾಗ ಬಿಸಿಯಾಗುತ್ತದೆ ಅಂತ ಬರೆದಿಟ್ಟುಕೊಳ್ಳಿ. ಏರು ಹತ್ತುವಾಗಲಾ, ನಿಂತಾಗಲಾ, ಜೋರಾಗಿ ಓಡುವಾಗಲಾ, ಸ್ಟಾರ್ಟ್ ಮಾಡಿದ ಹತ್ತೇ ನಿಮಿಷದಲ್ಲಾ? ಅರ್ಧ ಉತ್ತರ ಇದರಲ್ಲೇ ಇರುತ್ತದೆ.

ಆದರೆ ನೀವು ಈಗ ರಸ್ತೆಯಲ್ಲೇ ಇದ್ದು ಮುಳ್ಳು ಏರುತ್ತಿದ್ದರೆ ಮೊದಲು ಆ ವಿಷಯ ನೋಡೋಣ.

ಆಕ್ಸಿಲರೇಟರ್ ಸ್ವಲ್ಪ ಬಿಡಿ, ಒಂದು ಗೇರ್ ಇಳಿಸಿ. ಎಂಜಿನ್ ಸ್ಪೀಡ್ ಜಾಸ್ತಿ ಇರಲಿ, ಅದರ ಮೇಲಿನ ಭಾರ ಕಡಿಮೆ ಆಗಲಿ. ಡ್ಯಾಶ್‌ಬೋರ್ಡಿನ ಎಸಿ ಆಫ್ ಮಾಡಿ. ಕ್ಯಾಬಿನ್ ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರಾಗಿ ಬಿಡಿ. ಒಳಗೆ ಕೂತವರು ಬೆವರುತ್ತಾರೆ, ನಿಜ, ಆದರೆ ಹೀಟರ್ ಅಂದ್ರೆ ಇನ್ನೊಂದು ಚಿಕ್ಕ ರೇಡಿಯೇಟರೇ ಅಲ್ವಾ? ಇಷ್ಟು ಮಾಡಿದ ಮೇಲೂ ಮುಳ್ಳು ಇಳಿಯದಿದ್ದರೆ ಗಟ್ಟಿ ನೆಲ ಇರುವ, ಒಣ ಹುಲ್ಲು ಇಲ್ಲದ ಜಾಗ ನೋಡಿ ಪಕ್ಕಕ್ಕೆ ನಿಲ್ಲಿಸಿ.

ನಿಲ್ಲಿಸಿದ ಮೇಲೆ ಎಂಜಿನ್ ಆಫ್ ಮಾಡಬೇಕಾ ಬೇಡವಾ ಅನ್ನುವುದರಲ್ಲಿ ತುಂಬ ಜನ ತಪ್ಪುತ್ತಾರೆ. ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಎಲ್ಲೂ ಸೋರುತ್ತಿಲ್ಲ, ಹಬೆ ಬರುತ್ತಿಲ್ಲ, ಮುಳ್ಳು ಇನ್ನೂ ಕೆಂಪು ಗೆರೆ ಮುಟ್ಟಿಲ್ಲ ಅಂದ್ರೆ ಆಫ್ ಮಾಡಬೇಡಿ. ನ್ಯೂಟ್ರಲ್‌ನಲ್ಲಿ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, 1000ದಿಂದ 1200 ಆರ್‌ಪಿಎಂನಲ್ಲಿ ಕೆಲವು ನಿಮಿಷ ಓಡಲು ಬಿಡಿ. ಪಂಪೂ ಫ್ಯಾನೂ ತಿರುಗುತ್ತಾ ಇರುತ್ತವೆ, ಟರ್ಬೋ ಕೂಡ ನಿಧಾನಕ್ಕೆ ತಣ್ಣಗಾಗುತ್ತದೆ. ದಿಢೀರ್ ಅಂತ ಆಫ್ ಮಾಡಿದರೆ ಕೂಲೆಂಟ್ ಹರಿವು ನಿಂತು ಹೆಡ್‌ನ (ಎಂಜಿನ್ನಿನ ಮೇಲ್ಭಾಗದ) ಸುತ್ತ ಬಿಸಿ ಇನ್ನೂ ಏರುತ್ತದೆ. ಆದರೆ ಹೋಸ್ ಒಡೆದಿದ್ದರೆ, ಬೆಲ್ಟ್ ಹರಿದಿದ್ದರೆ, ಹಬೆ ಚಿಮ್ಮುತ್ತಿದ್ದರೆ, ಅಥವಾ ಮುಳ್ಳು ಕೆಂಪಿಗೆ ಹೋಗಿದ್ದರೆ ಒಂದು ಕ್ಷಣವೂ ಕಾಯಬೇಡಿ, ಆಫ್ ಮಾಡಿ.

ಒಂದು ವಿಷಯ ನೆನಪಿರಲಿ. ಮೇಲೆ ಹೋಗಿದ್ದ ಮುಳ್ಳು ಇದ್ದಕ್ಕಿದ್ದ ಹಾಗೆ ಕೆಳಗೆ ಬಿತ್ತು ಅಂದ್ರೆ ಸಮಾಧಾನ ಪಡಬೇಡಿ. ಸೆನ್ಸರ್ ಇರುವ ಜಾಗದಲ್ಲಿ ಕೂಲೆಂಟೇ ಇಲ್ಲ ಅಂತ ಅದರ ಅರ್ಥ ಇರಬಹುದು. ಸೆನ್ಸರ್ ಸರಿಯಾಗಿ ಅಳೆಯಬೇಕಾದರೆ ಅದು ದ್ರವದಲ್ಲಿ ಮುಳುಗಿರಬೇಕು. ಎಂಜಿನ್ ಹಿಂದೆ ಇರುವ ಗಾಡಿಯಲ್ಲಿ ಇದು ಇನ್ನೂ ಅಪಾಯ, ಯಾಕೆಂದರೆ ಹತ್ತು ಮೀಟರ್ ಮುಂದೆ ಕೂತ ನಿಮಗೆ ವಾಸನೆಯೂ ಬರುವುದಿಲ್ಲ, ಸದ್ದೂ ಕೇಳುವುದಿಲ್ಲ. ಹಿಂದಿನ ಕ್ಯಾಮೆರಾ ಇದ್ದರೆ ಏರು ಹತ್ತುವಾಗ ಅದನ್ನು ಆನ್ ಮಾಡಿಟ್ಟುಕೊಳ್ಳಿ, ಹಬೆ ಬಂದರೆ ಮೊದಲು ಕಾಣುವುದು ಅಲ್ಲೇ.

ರೇಡಿಯೇಟರ್ ಕ್ಯಾಪ್ ಮುಟ್ಟಬೇಡಿ. ಬಟ್ಟೆ ಸುತ್ತಿ ನಿಧಾನಕ್ಕೆ ತೆಗೆಯುತ್ತೇನೆ ಅನ್ನುವವರಿಗೂ ಇದೇ ಮಾತು. ಮೇಲಿನ ದಪ್ಪ ಹೋಸನ್ನು ಬರಿಗೈಯಲ್ಲಿ ಆರಾಮಾಗಿ ಹಿಡಿದು ಅಮುಕಲು ಆಗಬೇಕು, ಆಮೇಲೆ ಕ್ಯಾಪ್ ತೆಗೆಯಿರಿ. ಅದಕ್ಕೆ ಒಂದು ಗಂಟೆಯಾದರೂ ಬೇಕಾಗಬಹುದು, ದೊಡ್ಡ ಎಂಜಿನ್ ಆದರೆ ಇನ್ನೂ ಜಾಸ್ತಿ. ಕ್ಯಾಪ್ ಒಳಗಿನ ದ್ರವ ಒತ್ತಡದಲ್ಲಿ ಇರುತ್ತದೆ. ಅರ್ಧ ನೀರು ಅರ್ಧ ಆಂಟಿಫ್ರೀಜ್ ಸೇರಿದ ಕೂಲೆಂಟ್ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ, 15 ಪಿಎಸ್‌ಐ ಒತ್ತಡ ತಡೆಯುವ ಕ್ಯಾಪ್ ಹಾಕಿದಾಗ 130ರ ಹತ್ತಿರದವರೆಗೂ ಕುದಿಯದೆ ಇರುತ್ತದೆ. ಕ್ಯಾಪ್ ತೆಗೆದ ಕ್ಷಣ ಒತ್ತಡ ಹೋಗಿ ಅಷ್ಟೂ ಒಮ್ಮೆಗೇ ಕುದಿದು ಮುಖಕ್ಕೆ ಹಾರುತ್ತದೆ. ಹಾಗೇ ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಹೆಡ್ ಬಿರುಕು ಬಿಡಬಹುದು. ಪೂರ್ತಿ ಆರಿದ ಮೇಲೆ ಸ್ವಲ್ಪ ಸ್ವಲ್ಪವೇ ಹಾಕಿ.

ಈಗ ಕಾರಣ ಹುಡುಕುವ ವಿಷಯಕ್ಕೆ ಬರೋಣ.

ಮೊದಲು ಮೀಟರ್ ನಿಜ ಹೇಳುತ್ತಿದೆಯಾ ನೋಡಿ. ಹಳೆಯ ಗಾಡಿಗಳಲ್ಲಿ ಅರ್ತಿಂಗ್ ವೈರ್ ತುಕ್ಕು ಹಿಡಿದು ಮುಳ್ಳು ಸುಮ್ನೆ ಮೇಲೆ ಹೋಗುವುದು ತುಂಬ ಸಾಮಾನ್ಯ. ಹೆಡ್‌ಲೈಟ್ ಹಾಕಿದಾಗ ಮುಳ್ಳು ಅಲುಗಿದರೆ ತೊಂದರೆ ವೈರಿಂಗಿನಲ್ಲಿದೆ. ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದು ತಗೊಳ್ಳಿ. ಈ ಕೆಲಸಕ್ಕೆ ಅದಕ್ಕಿಂತ ಉಪಯೋಗದ ಸಾಮಾನು ಇನ್ನೊಂದಿಲ್ಲ. ಹೊಳೆಯುವ ಲೋಹದ ಮೇಲೆ ಅದು ತಪ್ಪು ತೋರಿಸುತ್ತದೆ, ಹಾಗಾಗಿ ಥರ್ಮೋಸ್ಟಾಟ್ ಹೌಸಿಂಗ್ ಮೇಲೆ ಒಂದು ತುಂಡು ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಅಳೆಯಿರಿ. ಸಾಮಾನ್ಯವಾಗಿ 82ರಿಂದ 95 ಡಿಗ್ರಿ ಒಳಗೆ ಇದ್ದರೆ ಎಂಜಿನ್ ಆರಾಮಾಗಿದೆ ಅಂತ ಅರ್ಥ. ನಿಮ್ಮ ಎಂಜಿನ್ನಿನ ಲೆಕ್ಕ ಸ್ವಲ್ಪ ಬೇರೆ ಇರಬಹುದು, ಅದರ ಮ್ಯಾನುಯಲ್ ನೋಡಿ.

ನಿಂತಾಗ ಅಥವಾ ನಿಧಾನಕ್ಕೆ ಹೋಗುವಾಗ ಬಿಸಿಯಾಗಿ, ವೇಗ ಹಿಡಿದ ಮೇಲೆ ತಣ್ಣಗಾದರೆ ಗಾಳಿ ಸಾಲುತ್ತಿಲ್ಲ, ಫ್ಯಾನ್ ಕಡೆ ನೋಡಿ. ಎಂಜಿನ್ ಮುಂದಿರುವ ಗಾಡಿಗಳಿಗೆ ಈ ಮಾತು ಚೆನ್ನಾಗಿ ಅನ್ವಯಿಸುತ್ತದೆ. ಹಿಂದೆ ಎಂಜಿನ್ ಇದ್ದರೆ ಓಟದ ಗಾಳಿ ಅಷ್ಟಾಗಿ ಸಿಗುವುದಿಲ್ಲ, ಎಲ್ಲ ಕಾಲದಲ್ಲೂ ಫ್ಯಾನನ್ನೇ ನಂಬಬೇಕು. ಸಮತಟ್ಟು ರಸ್ತೆಯಲ್ಲಿ ಚೆನ್ನಾಗಿದ್ದು ಉದ್ದ ಏರಿನಲ್ಲಿ ಮಾತ್ರ ನಿಧಾನಕ್ಕೆ ಏರುತ್ತಾ ಹೋದರೆ ರೇಡಿಯೇಟರ್ ಹೊರಗೋ ಒಳಗೋ ಕಟ್ಟಿಕೊಂಡಿದೆ ಅನ್ನುವ ಅನುಮಾನ ಮೊದಲು. ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ದಡಕ್ಕನೆ ಏರಿದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಇದೆ, ಇಲ್ಲ ಕೂಲೆಂಟ್ ಕಡಿಮೆಯಿದೆ, ಇಲ್ಲ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಜಾಸ್ತಿ ಆರ್‌ಪಿಎಂನಲ್ಲಿ ಮಾತ್ರ ಬಿಸಿಯಾದರೆ ಕೆಳಗಿನ ಹೋಸ್ ನೋಡಿ: ಪಂಪ್ ಎಳೆಯುವ ರಭಸಕ್ಕೆ ಮೆತ್ತಗಾದ ಹೋಸ್ ಒಳಕ್ಕೆ ಅಮುಕಿ ಹೋಗಿ ದಾರಿ ಮುಚ್ಚುತ್ತದೆ. ಕೆಲವು ಹೋಸ್‌ಗಳ ಒಳಗೆ ಇದನ್ನು ತಡೆಯಲೆಂದೇ ಸ್ಪ್ರಿಂಗ್ ಇರುತ್ತದೆ, ಹಳೆಯ ಗಾಡಿಯಲ್ಲಿ ಅದು ತುಕ್ಕು ಹಿಡಿದು ಮುರಿದಿರಬಹುದು.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮೇಲಿನ ಹೋಸ್, ಕೆಳಗಿನ ಹೋಸ್ ಎರಡನ್ನೂ ಅಳೆಯಿರಿ. ಮೇಲಿನದು ಕಾದಿದೆ, ಕೆಳಗಿನದು ತೀರಾ ತಣ್ಣಗಿದೆ ಅಂದ್ರೆ ಕೂಲೆಂಟ್ ಹರಿಯುತ್ತಲೇ ಇಲ್ಲ. ಎರಡೂ ಹೆಚ್ಚುಕಡಿಮೆ ಒಂದೇ ಬಿಸಿ ಅಂದ್ರೆ ಕೂಲೆಂಟ್ ಹರಿಯುತ್ತಿದೆ, ಆದರೆ ರೇಡಿಯೇಟರ್ ಬಿಸಿಯನ್ನು ಹೊರಗೆ ಬಿಡುತ್ತಿಲ್ಲ. ರೇಡಿಯೇಟರ್ ಮೈಮೇಲೆ ಅಲ್ಲಲ್ಲಿ ಅಳೆದು ನೋಡಿದಾಗ ಮಧ್ಯೆ ಮಧ್ಯೆ ತಣ್ಣನೆ ಪಟ್ಟಿಗಳು ಸಿಕ್ಕರೆ ಅಲ್ಲಿನ ಕೊಳವೆಗಳು ಒಳಗೆ ಕಟ್ಟಿವೆ.

ನನ್ನ ಅನುಭವದಲ್ಲಿ ಎಲ್ಲರಿಂದಲೂ ತಪ್ಪಿಹೋಗುವ ಜಾಗ ರೇಡಿಯೇಟರಿನ ಹೊರಮೈ. ಎಂಜಿನ್ ಹಿಂದಿದ್ದು ರೇಡಿಯೇಟರೂ ಹಿಂಬದಿಯಲ್ಲೇ ಇರುವ ಗಾಡಿಗಳಲ್ಲಿ ಫ್ಯಾನ್ ಗಾಳಿಯನ್ನು ಎಂಜಿನ್ ಕಡೆಯಿಂದ ಹೊರಕ್ಕೆ ತಳ್ಳುತ್ತದೆ. ಎಂಜಿನ್ ಒಳಗಿನ ಗಾಳಿಯನ್ನು ಹೊರಬಿಡುವ ಬ್ರೀದರ್ ಪೈಪಿನಿಂದ ಸಣ್ಣಗೆ ಎಣ್ಣೆ ಆವಿ ಬರುತ್ತಾ ಇರುತ್ತದೆ. ಆ ಪೈಪಿನ ಬಾಯಿ ಫ್ಯಾನ್ ಮುಂದೆ ಇದ್ದರೆ ಎಣ್ಣೆ ನೇರ ರೇಡಿಯೇಟರಿಗೆ ಹೋಗಿ ಅಂಟುತ್ತದೆ, ಅದರ ಮೇಲೆ ಚಕ್ರಗಳು ಎಬ್ಬಿಸಿದ ಧೂಳು ಕೂರುತ್ತದೆ. ವರ್ಷಗಟ್ಟಲೆ ಹೀಗೆ. ಹಿಂದೆ ನಿಂತು ನೋಡಿದರೆ ಜಾಲರಿ ಫಳಫಳ ಅನ್ನುತ್ತಿರುತ್ತದೆ, ಕೊಳೆ ಇರುವುದು ಒಳಗಡೆ, ಫ್ಯಾನ್ ಪಕ್ಕದಲ್ಲಿ ಮತ್ತು ಇಂಟರ್‌ಕೂಲರ್ ನಡುವಿನ ಸಂದಿಯಲ್ಲಿ. ಮಂಚದ ಕೆಳಗೆ ಎಂಜಿನ್ ಮುಚ್ಚಳ ಇರುತ್ತದೆ, ಅದನ್ನು ತೆಗೆದು ಟಾರ್ಚ್ ಬಿಟ್ಟು ನೋಡಿ. ಒಬ್ಬರು ಆ ಕಡೆ ಟಾರ್ಚ್ ಹಿಡಿದರೆ ಈ ಕಡೆಯಿಂದ ಬೆಳಕು ಕಾಣಬೇಕು. ಕಾಣದಿದ್ದರೆ ಬೇರೆ ಪರೀಕ್ಷೆ ಬೇಡ, ಮೊದಲು ತೊಳೆಯಿರಿ.

ತೊಳೆಯುವ ಮೊದಲು ಎಂಜಿನ್ ಪೂರ್ತಿ ತಣ್ಣಗಿರಲಿ, ಬ್ಯಾಟರಿ ಕನೆಕ್ಷನ್ ತೆಗೆದಿರಲಿ. ಅಲ್ಯುಮಿನಿಯಂಗೆ ಹಾನಿ ಮಾಡದ ಡಿಗ್ರೀಸರ್ ತಗೊಳ್ಳಿ, ಇದನ್ನು ಡಬ್ಬದ ಮೇಲೆ ಓದಿಯೇ ತಗೊಳ್ಳಿ, ಕೆಲವು ಕ್ಷಾರದ ಕ್ಲೀನರ್‌ಗಳು ರೇಡಿಯೇಟರಿನ ತೆಳು ಅಲ್ಯುಮಿನಿಯಂ ರೆಕ್ಕೆಗಳನ್ನೇ ತಿಂದುಬಿಡುತ್ತವೆ. ಆಲ್ಟರ್ನೇಟರ್‌ಗೆ ಪ್ಲಾಸ್ಟಿಕ್ ಚೀಲ ಕಟ್ಟಿ. ಎರಡೂ ಕಡೆಯಿಂದ ಚೆನ್ನಾಗಿ ಸಿಂಪಡಿಸಿ, ಡಬ್ಬದ ಮೇಲೆ ಹೇಳಿದಷ್ಟು ಹೊತ್ತು ನೆನೆಯಲು ಬಿಡಿ, ಒಣಗಲು ಬಿಡಬೇಡಿ. ಆಮೇಲೆ ಸಾಮಾನ್ಯ ಪೈಪಿನ ನೀರಿನಲ್ಲಿ ತೊಳೆಯಿರಿ. ಪ್ರೆಷರ್ ವಾಷರ್ ಬೇಡ. ಅದರ ಏಟಿಗೆ ರೆಕ್ಕೆಗಳು ಮಡಚಿ ಹೋದರೆ ಗಾಳಿಯ ದಾರಿ ನೀವೇ ಮುಚ್ಚಿದ ಹಾಗೆ, ಇಲ್ಲವೇ ಕೊಳೆ ಇನ್ನೂ ಒಳಕ್ಕೆ ಹೋಗಿ ಕೂರುತ್ತದೆ. ಕೆಳಗೆ ಬೀಳುವ ನೀರು ಮೊದಲು ಕಪ್ಪಗೆ ಬರುತ್ತದೆ. ಅದು ತಿಳಿಯಾಗುವವರೆಗೂ ಮಾಡಿ, ಎರಡಲ್ಲ, ನಾಲ್ಕು ಸಲ ಆದರೂ ಸರಿ. ಕೆಲಸ ಮುಗಿದ ಮೇಲೆ ಬ್ರೀದರ್ ಪೈಪಿಗೆ ಒಂದು ಉದ್ದದ ಹೋಸ್ ಸೇರಿಸಿ ಅದರ ಬಾಯಿ ಫ್ಯಾನಿನ ಗಾಳಿಗೆ ಸಿಗದ ಕಡೆ ಇಳಿಬಿಡಿ, ಅದರ ಬಾಯಿ ಮುಚ್ಚದಿರಲಿ. ಇಲ್ಲದಿದ್ದರೆ ಮತ್ತೆ ಇದೇ ಕಥೆ.

ಎಂಜಿನ್ ಮುಂದಿರುವ ಗಾಡಿಗಳಲ್ಲಿ ಎಸಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ಮಧ್ಯೆ ಹುಳ, ಎಲೆ, ಹುಲ್ಲು ತುಂಬಿಕೊಳ್ಳುತ್ತದೆ. ತುಂಬ ದಿನ ನಿಂತಿದ್ದ ಗಾಡಿಯಾದರೆ ಇಲಿ ಗೂಡು, ಕಣಜದ ಮಣ್ಣಿನ ಗೂಡು ಕೂಡ. ಹಾಗೇ ಫ್ಯಾನ್ ಸುತ್ತಲಿನ ಕವಚ ಮತ್ತು ರೇಡಿಯೇಟರ್ ಅಂಚಿನ ಫೋಮ್ ಪಟ್ಟಿಗಳು ಇವೆಯಾ ನೋಡಿ. ಅವು ಹೋಗಿದ್ದರೆ ಫ್ಯಾನ್ ರೇಡಿಯೇಟರ್ ಮೂಲಕ ಗಾಳಿ ಎಳೆಯುವ ಬದಲು ಪಕ್ಕದಿಂದ ಅದೇ ಬಿಸಿ ಗಾಳಿಯನ್ನು ಸುತ್ತಿಸುತ್ತಾ ಇರುತ್ತದೆ.

ಇನ್ನು ಫ್ಯಾನ್. ಫ್ಯಾನ್ ಕ್ಲಚ್ (ಬೇಕಾದಾಗ ಮಾತ್ರ ಫ್ಯಾನನ್ನು ಎಂಜಿನ್ನಿಗೆ ಬಿಗಿಯಾಗಿ ಜೋಡಿಸುವ ಭಾಗ) ಇರುವ ಗಾಡಿಯಾದರೆ ಎಂಜಿನ್ ಕಾದಾಗ ಅದು ಕಚ್ಚಿಕೊಂಡು ಜೋರಾಗಿ ಭೋರ್ಗರೆಯಬೇಕು. ನಿಮ್ಮ ಗಾಡಿ ಏರಿನಲ್ಲಿ ಮುಂಚೆ ಆ ಸದ್ದು ಮಾಡುತ್ತಿತ್ತು, ಈಗ ಮಾಡುತ್ತಿಲ್ಲ ಅಂದ್ರೆ ಕಾರಣ ಅಲ್ಲೇ ಇದೆ. ಕಾದ ಎಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು, ಫ್ಯಾನನ್ನು ಕೈಯಿಂದ ತಿರುಗಿಸಿ. ಬಿಗಿಯಾಗಿ ತಡೆಯಬೇಕು. ಗಿರ್ರನೆ ಸುತ್ತಿದರೆ ಅಥವಾ ಕ್ಲಚ್ ಮೈಮೇಲೆ ಎಣ್ಣೆ ಸೋರಿದ ಗೆರೆ ಇದ್ದರೆ ಕ್ಲಚ್ ಹೋಗಿದೆ. ಪಕ್ಕದಲ್ಲಿ ರೇಡಿಯೇಟರ್ ಇರುವ ಗಾಡಿಗಳಲ್ಲಿ ಹೆಚ್ಚಾಗಿ ಹೈಡ್ರಾಲಿಕ್ ಫ್ಯಾನ್ ಇರುತ್ತದೆ, ಅದರ ಆಯಿಲ್ ಮಟ್ಟ ನೋಡಿ. ಎಲೆಕ್ಟ್ರಿಕ್ ಫ್ಯಾನನ್ನು ಮಾತ್ರ ಬಿಸಿ ಇದ್ದಾಗ ಕೈಯಿಂದ ಮುಟ್ಟಲೇಬೇಡಿ, ಎಂಜಿನ್ ಆಫ್ ಆಗಿದ್ದರೂ ತಾನಾಗಿ ತಿರುಗಬಹುದು. ಬೆಲ್ಟ್ ಸಡಿಲ ಇದೆಯಾ, ಒಳಮೈ ಗಾಜಿನ ಹಾಗೆ ಹೊಳೆಯುತ್ತಿದೆಯಾ ನೋಡಿ. ಹೊಳೆಯುವ ಬೆಲ್ಟ್ ಭಾರ ಬಿದ್ದಾಗ ಜಾರುತ್ತದೆ.

ಥರ್ಮೋಸ್ಟಾಟ್ ಪರೀಕ್ಷೆ ಸುಲಭ. ಬಿಚ್ಚಿ, ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ತೂಗುಬಿಟ್ಟು ಕಾಯಿಸಿ, ಥರ್ಮಾಮೀಟರ್ ಇಡಿ. ಅದರ ಮೇಲೆ ಬರೆದಿರುವ ಬಿಸಿಯ ಹತ್ತಿರ ಬಾಯಿ ಬಿಡಲು ಶುರು ಮಾಡಿ, ಇನ್ನು ಹತ್ತು ಹನ್ನೆರಡು ಡಿಗ್ರಿ ಏರುವಷ್ಟರಲ್ಲಿ ಪೂರ್ತಿ ತೆರೆಯಬೇಕು. ಥರ್ಮೋಸ್ಟಾಟ್ ಕಿತ್ತು ಬಿಸಾಡಿ, ಎಂಜಿನ್ ತಣ್ಣಗಿರುತ್ತದೆ ಅಂತ ಹೇಳುವವರು ಸಿಗುತ್ತಾರೆ. ದಯವಿಟ್ಟು ಕೇಳಬೇಡಿ. ತುಂಬ ಡೀಸೆಲ್ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ತೆಗೆದರೆ ಕೂಲೆಂಟ್ ರೇಡಿಯೇಟರಿಗೆ ಹೋಗದೆ ಬೈಪಾಸಿನಲ್ಲೇ ಎಂಜಿನ್ ಒಳಗೆ ಸುತ್ತುತ್ತದೆ, ಭಾರ ಬಿದ್ದಾಗ ಇನ್ನೂ ಬಿಸಿಯಾಗುತ್ತದೆ.

ಕೂಲೆಂಟ್ ಕಡಿಮೆಯಾಗುತ್ತಿದ್ದು ಸೋರಿಕೆ ಕಾಣದಿದ್ದರೆ ಮೋಟಾರ್‌ಹೋಮಿನ ಒಂದು ವಿಶೇಷ ನೆನಪಿಡಿ. ಎಂಜಿನ್ ಹಿಂದಿದ್ದರೆ ಡ್ಯಾಶ್ ಹೀಟರ್‌ಗೆ ಹೋಗುವ ಹೋಸ್ ಗಾಡಿಯ ಉದ್ದಕ್ಕೂ ಕೆಳಗೆ ಹರಿದಿರುತ್ತದೆ. ಕೆಲವು ಗಾಡಿಗಳಲ್ಲಿ ಸ್ನಾನದ ನೀರಿನ ಗೀಸರ್‌ಗೂ ಎಂಜಿನ್ ಕೂಲೆಂಟ್ ಹೋಗುತ್ತದೆ. ಮಂಚದ ಕೆಳಗೆ, ಕಪಾಟಿನ ಹಿಂದೆ, ಎಲ್ಲಿ ಬೇಕಾದರೂ ಒಂದು ಕ್ಲಾಂಪ್ ಸಡಿಲ ಆಗಿರಬಹುದು. ಗಾಡಿಯೊಳಗೆ ಸಿಹಿ ವಾಸನೆ, ಗಾಜಿನ ಒಳಮೈ ಮೇಲೆ ಜಿಡ್ಡು ಮಂಜು ಕಂಡರೆ ಅಲ್ಲೆಲ್ಲ ಹುಡುಕಿ. ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ತೂತು ಇರುತ್ತದೆ, ಅಲ್ಲಿಂದ ಒಣಗಿದ ಕೂಲೆಂಟ್ ಗೆರೆ ಇಳಿದಿದ್ದರೆ ಪಂಪಿನ ಸೀಲ್ ಹೋಗಿದೆ. ಕ್ಯಾಪನ್ನು ಕಡೆಗಣಿಸಬೇಡಿ. ಅದರ ರಬ್ಬರ್ ಗಟ್ಟಿಯಾಗಿ ಒತ್ತಡ ನಿಲ್ಲದಿದ್ದರೆ ಕೂಲೆಂಟ್ ಬೇಗ ಕುದಿಯುತ್ತದೆ, ಎತ್ತರದ ಜಾಗದಲ್ಲಿ ಇನ್ನೂ ಬೇಗ.

ಹೆಡ್ ಗ್ಯಾಸ್ಕೆಟ್ (ಹೆಡ್‌ಗೂ ಅದರ ಕೆಳಗಿನ ಎಂಜಿನ್ ಬ್ಲಾಕ್‌ಗೂ ನಡುವಿನ ಸೀಲ್) ಹೋಗಿದೆ ಅಂದ್ರೆ ಎಲ್ಲರಿಗೂ ಭಯ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ಕೂಲೆಂಟ್ ಟ್ಯಾಂಕಿನಲ್ಲಿ ಗುಳ್ಳೆ ನಿಲ್ಲದೆ ಬರುತ್ತಿದ್ದರೆ, ಎಂಜಿನ್ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಅನುಮಾನ ಪಡಬೇಕು. ಆದರೆ ಹೆಡ್ ಬಿಚ್ಚಿಸುವ ಮೊದಲು ಒಂದು ಪರೀಕ್ಷೆ ಮಾಡಿಸಿ. ನಿಮ್ಮ ಗಾಡಿಗೆ ಏರ್ ಬ್ರೇಕ್ ಇದ್ದರೆ ಅದರ ಏರ್ ಕಂಪ್ರೆಸರ್ ಹೆಡ್ ಕೂಡ ಸಾಮಾನ್ಯವಾಗಿ ಎಂಜಿನ್ ಕೂಲೆಂಟಿನಲ್ಲೇ ತಣ್ಣಗಾಗುತ್ತದೆ. ಅದರ ಗ್ಯಾಸ್ಕೆಟ್ ಹೋದರೂ ಕೂಲೆಂಟಿನೊಳಗೆ ಇದೇ ಥರ ಗುಳ್ಳೆ ಬರುತ್ತದೆ. ಬಣ್ಣ ಬದಲಿಸುವ ದ್ರವದ ಪರೀಕ್ಷೆಯಲ್ಲಿ ಸುಟ್ಟ ಹೊಗೆ ಸಿಕ್ಕರೆ ಎಂಜಿನ್ ಹೆಡ್, ಬರೀ ಗಾಳಿ ಅಂದ್ರೆ ಕಂಪ್ರೆಸರ್ ನೋಡಿ. ಎರಡಕ್ಕೂ ಖರ್ಚಿನಲ್ಲಿ ಅಜಗಜಾಂತರ.

ಕೂಲೆಂಟ್ ಆರಿಸುವಾಗ ಡೀಸೆಲ್‌ಗೆ ಅಂತಲೇ ಇರುವುದನ್ನು ತಗೊಳ್ಳಿ. ಹಲವು ದೊಡ್ಡ ಡೀಸೆಲ್‌ಗಳಲ್ಲಿ ಸಿಲಿಂಡರ್ ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಹೊರಗೆ ನೇರ ಕೂಲೆಂಟ್ ಇರುತ್ತದೆ. ಎಂಜಿನ್ ಹೊಡೆತಕ್ಕೆ ಲೈನರ್ ನಡುಗಿ, ಅದರ ಮೈಮೇಲೆ ಸಣ್ಣ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ, ಒಡೆಯುವಾಗ ಲೋಹವನ್ನು ಚೂರು ಚೂರೇ ಕೆರೆದು ಕೊನೆಗೆ ತೂತು ಮಾಡುತ್ತವೆ. ಇದನ್ನು ತಡೆಯುವ ಮದ್ದು ಕೂಲೆಂಟಿನಲ್ಲಿ ಇರಬೇಕು, ಅದು ಕಾಲ ಕಳೆದ ಹಾಗೆ ತೀರಿಹೋಗುತ್ತದೆ. ಪರೀಕ್ಷೆಯ ಪಟ್ಟಿಗಳು ಸಿಗುತ್ತವೆ, ನಿಮ್ಮ ಕೂಲೆಂಟಿಗೆ ಹೊಂದುವುದನ್ನು ತಗೊಂಡು ವರ್ಷಕ್ಕೊಮ್ಮೆಯಾದರೂ ಅದ್ದಿ ನೋಡಿ. ಬೆರೆಸಲು ಡಿಸ್ಟಿಲ್ಡ್ ವಾಟರ್ ಬಳಸಿ. ಗಡಸು ನೀರು ಹಾಕಿದರೆ ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಬೇರೆ ಬೇರೆ ಥರದ ಕೂಲೆಂಟ್ ಬೆರೆಸಬೇಡಿ, ಬಣ್ಣ ಒಂದೇ ಅಂತ ನಂಬಲೂ ಬೇಡಿ.

ಎಲ್ಲ ಸರಿಯಿದ್ದರೂ ಹಳೆಯ ಎಂಜಿನ್ ಓಡಿಸುವ ರೀತಿ ಬೇರೆ. ಏರು ಶುರುವಾಗುವ ಮೊದಲೇ ಗೇರ್ ಇಳಿಸಿ. ದೊಡ್ಡ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿಕೊಂಡು 1400 ಆರ್‌ಪಿಎಂನಲ್ಲಿ ಏದುಸಿರು ಬಿಡಿಸುತ್ತಾ ಹತ್ತಿಸಿದರೆ ಡೀಸೆಲ್ ಜಾಸ್ತಿ ಉರಿಯುತ್ತದೆ, ಪಂಪೂ ಫ್ಯಾನೂ ಮಾತ್ರ ನಿಧಾನ ತಿರುಗುತ್ತವೆ. ಅದೇ ಏರನ್ನು ಒಂದು ಗೇರ್ ಕೆಳಗೆ, 2000ದ ಆಸುಪಾಸಿನಲ್ಲಿ, ಅರ್ಧ ಮುಕ್ಕಾಲು ಆಕ್ಸಿಲರೇಟರಿನಲ್ಲಿ ಹತ್ತಿದರೆ ಮುಳ್ಳು ಅಲ್ಲೇ ನಿಲ್ಲುತ್ತದೆ. ಎಂಜಿನ್ನಿನ ಗರಿಷ್ಠ ಸ್ಪೀಡ್ ಎಷ್ಟು ಅಂತ ಗೊತ್ತಿರಲಿ, ಅಷ್ಟೇ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆದರೆ ಇನ್ನೂ ಮುಖ್ಯ, ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಲಾಕ್ ಆಗದೆ ಜಾರುತ್ತಿದ್ದರೆ ಆ ಬಿಸಿಯೂ ಹಲವು ಗಾಡಿಗಳಲ್ಲಿ ಇದೇ ರೇಡಿಯೇಟರಿಗೆ ಬಂದು ಸೇರುತ್ತದೆ. ಬಿಸಿಲಿನ ದಿನ ಡ್ಯಾಶ್ ಎಸಿ ಬದಲು ಜನರೇಟರ್ ಹಾಕಿ ಚಾವಣಿಯ ಎಸಿ ಓಡಿಸಿ, ಎಂಜಿನ್ ಮೇಲಿನ ಒಂದು ಹೊರೆ ಇಳಿಯುತ್ತದೆ. ಕಚ್ಚಿಕೊಂಡ ಬ್ರೇಕ್, ಗಾಳಿ ಕಡಿಮೆಯಾದ ಟೈರ್, ಬೇಡದ ಸಾಮಾನು ಇವೂ ಲೆಕ್ಕಕ್ಕೆ ಬರುತ್ತವೆ.

ರಿಪೇರಿ ಆದ ಮೇಲೆ ಕೂಲೆಂಟ್ ತುಂಬುವುದನ್ನು ಅವಸರದಲ್ಲಿ ಮಾಡಬೇಡಿ. ರೇಡಿಯೇಟರ್ ಇರುವ ತುದಿ ಸ್ವಲ್ಪ ಎತ್ತರದಲ್ಲಿ ಇರುವ ಹಾಗೆ ಗಾಡಿ ನಿಲ್ಲಿಸಿ, ಹೀಟರ್ ವಾಲ್ವ್ ತೆರೆದು, ಏರ್ ತೆಗೆಯುವ ಸ್ಕ್ರೂ ಇದ್ದರೆ ಅದನ್ನು ಸಡಿಲಿಸಿ, ನಿಧಾನಕ್ಕೆ ತುಂಬಿ. ಸ್ಕ್ರೂನಿಂದ ಗುಳ್ಳೆ ಇಲ್ಲದೆ ಬರೀ ಕೂಲೆಂಟ್ ಬರುವವರೆಗೂ ಕಾಯಿರಿ. ಉದ್ದ ಹೋಸ್‌ಗಳಲ್ಲಿ ಸಿಕ್ಕ ಗಾಳಿ ಒಂದೇ ಸಲಕ್ಕೆ ಬರುವುದಿಲ್ಲ. ಒಂದು ಸಣ್ಣ ಸುತ್ತು ಓಡಿಸಿ, ರಾತ್ರಿಯಿಡೀ ಆರಲು ಬಿಟ್ಟು, ಬೆಳಿಗ್ಗೆ ಮಟ್ಟ ನೋಡಿ ಮತ್ತೆ ತುಂಬಿ. ಎರಡು ಮೂರು ದಿನ ಹೀಗೇ ಮಾಡಬೇಕಾಗಬಹುದು. ತೆಗೆದ ಹಳೆಯ ಕೂಲೆಂಟನ್ನು ನೆಲಕ್ಕೆ ಚೆಲ್ಲಬೇಡಿ, ತೆರೆದ ಬಕೆಟ್‌ನಲ್ಲೂ ಬಿಡಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕುಗಳು ನೆಕ್ಕುತ್ತವೆ, ಸ್ವಲ್ಪ ಹೊಟ್ಟೆಗೆ ಹೋದರೂ ಸಾಯಬಹುದು. ಮುಚ್ಚಳ ಬಿಗಿಯಾಗಿರುವ ಕ್ಯಾನ್‌ಗೆ ಹಾಕಿ, ಹೆಸರು ಬರೆದು, ಹಳೆಯ ಆಯಿಲ್ ತಗೊಳ್ಳುವ ಕಡೆ ವಿಚಾರಿಸಿ ಕೊಡಿ.